ದೇಹದಾನ ಆದ ಮೇಲೆ ಆ ದೇಹ ಏನಾಗುತ್ತದೆ? ಅನಾಟಮಿ ಮೇಡಂ ಜೊತೆ ಪ್ರಶ್ನೋತ್ತರ

ಗುಂಪಿನ ಸದಸ್ಯರೊಬ್ಬರು ತಮ್ಮ ತಂದೆ ಸಹಿ ಮಾಡಿದ ದೇಹದಾನದ ಫಾರಂ ಫೋಟೋ ಹಾಕಿದ್ದರು. ಅದರ ಕೆಳಗೆ ಪ್ರಶ್ನೆಗಳು ಸಾಲುಗಟ್ಟಿದವು. ನಮ್ಮಲ್ಲೇ ಇರುವ, ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಪಾಠ ಮಾಡುವ ಮೇಡಂ ಉತ್ತರಿಸಲು ಒಪ್ಪಿದ್ದಾರೆ. ಯಾವ ಪ್ರಶ್ನೆಗೂ ಸಂಕೋಚ ಬೇಡ ಅಂದಿದ್ದಾರೆ. – ಅಡ್ಮಿನ್

ಪ್ರಶ್ನೆ (ನಿವೃತ್ತ ಮೇಷ್ಟ್ರು, ಶಿವಮೊಗ್ಗ): ನಮಸ್ಕಾರ ಮೇಡಂ. ನನಗೆ 71. ಫಾರಂನಲ್ಲಿ 'ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನೆಗಾಗಿ' ಅಂತ ಅಚ್ಚಾಗಿದೆ. ಶಿಕ್ಷಣ ಅರ್ಥವಾಯಿತು. ಸಂಶೋಧನೆ ಅಂದರೆ ನಿಜವಾಗಿ ಏನು ಮಾಡ್ತೀರಿ? ಸುಮ್ನೆ ಬರೆದಿರೋದಾ?

ಉತ್ತರ: ನಮಸ್ಕಾರ ಸರ್. ಸುಮ್ನೆ ಬರೆದಿದ್ದಲ್ಲ. ಆದರೆ ಜನ ಅಂದುಕೊಂಡಷ್ಟು ದೊಡ್ಡದೂ ಅಲ್ಲ. ನಮ್ಮ ಕಾಲೇಜುಗಳಿಗೆ ಬರುವ ದೇಹಗಳು ಬಹುತೇಕ ಮೊದಲ ವರ್ಷದ ಎಂಬಿಬಿಎಸ್ ಮಕ್ಕಳ ಟೇಬಲ್ಲಿಗೇ ಹೋಗುತ್ತವೆ. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಕ್ಯಾನ್ಸರಿಗೆ ಔಷಧಿ ಕಂಡುಹಿಡಿಯಲಿ ಅಂತ ಸಹಿ ಮಾಡಿ, ಆಮೇಲೆ ಮನೆಯವರಿಗೆ ಬೇಜಾರಾಗಬಾರದು ನೋಡಿ.

ಸಂಶೋಧನೆ ನಡೆಯುವುದೂ ಹೆಚ್ಚಾಗಿ ಅದೇ ಟೇಬಲ್ಲಿನ ಮೇಲೆ. ಮಕ್ಕಳು ತೋಳು ಬಿಡಿಸುವಾಗ ರಕ್ತನಾಳ ಪುಸ್ತಕದಲ್ಲಿ ಇದ್ದಂತೆ ಇರುವುದಿಲ್ಲ. ತೋಳಿನ ಮುಖ್ಯ ಅಪಧಮನಿ ಮೊಣಕೈ ಹತ್ತಿರ ಎರಡಾಗಬೇಕು ಅಂತ ಪುಸ್ತಕ ಹೇಳುತ್ತದೆ. ಕೆಲವರಲ್ಲಿ ಅದು ಕಂಕುಳ ಹತ್ತಿರವೇ ಕವಲೊಡೆದಿರುತ್ತದೆ. ತಕ್ಷಣ ಕೆಲಸ ನಿಲ್ಲಿಸಿ, ಫೋಟೋ ತೆಗೆದು, ಕ್ಯಾಲಿಪರ್ ಇಟ್ಟು ಅಳೆದು, ಆ ದೇಹದ ನಂಬರಿನ ಮುಂದೆ ಬರೆದಿಡುತ್ತೇವೆ. ಇಂಥವು ವರ್ಷಗಟ್ಟಲೆ ಕೂಡಿಬಂದರೆ ಒಂದು ಲೇಖನ. ಕೇಳೋದಕ್ಕೆ ಸಣ್ಣ ವಿಷಯ. ಆದರೆ ಈಗ ಆಂಜಿಯೋಗ್ರಾಂ ಜಾಸ್ತಿ ಮಾಡುವುದು ಮಣಿಕಟ್ಟಿನಿಂದ. ಮಣಿಕಟ್ಟಿನ ನಾಳ ಎಲ್ಲಿಂದ ಹುಟ್ಟಿದೆ, ಎಲ್ಲಿ ಸುತ್ತು ಹಾಕಿದೆ ಅನ್ನುವುದರ ಮೇಲೆ ಒಳಗೆ ಹೋಗುವ ತಂತಿ ಸಲೀಸಾಗಿ ಹೋಗುತ್ತದೋ ಸಿಕ್ಕಿಕೊಳ್ಳುತ್ತದೋ ಅನ್ನುವುದು ನಿಂತಿದೆ.

ಮಂಡಿ ಕೀಲು ಬದಲಾಯಿಸುವ ಆಪರೇಷನ್ ಗೊತ್ತಲ್ಲ. ಆ ಕೃತಕ ಭಾಗಗಳ ಅಳತೆ ಮೊದಲು ಬಂದಿದ್ದು ಪಾಶ್ಚಾತ್ಯರ ಮೂಳೆಯಿಂದ. ನಮ್ಮ ಹೆಂಗಸರ ತೊಡೆಮೂಳೆಯ ತುದಿ ಅದಕ್ಕಿಂತ ಸಣ್ಣದು. ದೊಡ್ಡ ಸೈಜ್ ಕೂರಿಸಿದರೆ ಅಂಚು ಹೊರಚಾಚಿ ಸುತ್ತಲಿನ ಮಾಂಸ ಉಜ್ಜುತ್ತದೆ, ನೋವು ಹಾಗೇ ಉಳಿಯುತ್ತದೆ. ನಮ್ಮವರ ಮೂಳೆ, ಸ್ಕ್ಯಾನುಗಳನ್ನು ಅಳೆದಿದ್ದರಿಂದ ಈ ವ್ಯತ್ಯಾಸ ಲೆಕ್ಕಕ್ಕೆ ಸಿಕ್ಕಿತು.

ಪ್ರಶ್ನೆ (ಫಿಸಿಯೋಥೆರಪಿ ವಿದ್ಯಾರ್ಥಿ, ಮಂಗಳೂರು): ಮೇಡಂ, ಮನುಷ್ಯನ ದೇಹವನ್ನು ಇಷ್ಟು ಶತಮಾನ ಕೊಯ್ದು ನೋಡಿದ ಮೇಲೂ ಹೊಸದು ಅಂತ ಏನು ಉಳಿದಿದೆ?

ಉತ್ತರ: ನಿಮ್ಮ ಕ್ಷೇತ್ರದ್ದೇ ಉದಾಹರಣೆ ಕೊಡ್ತೀನಿ. 1879ರಲ್ಲಿ ಪ್ಯಾರಿಸ್ಸಿನ ಸರ್ಜನ್ ಪಾಲ್ ಸೆಗೊಂಡ್, ಮಂಡಿಯ ಹೊರಬದಿಯಲ್ಲಿ ಮುತ್ತಿನ ಬಣ್ಣದ ಒಂದು ನಾರಿನ ಪಟ್ಟಿ ಇದೆ ಅಂತ ಬರೆದಿದ್ದ. ಆಮೇಲೆ ಅದಕ್ಕೆ ಸ್ಪಷ್ಟವಾದ ಹೆಸರೂ ಇರಲಿಲ್ಲ, ವಿವರವೂ ಇರಲಿಲ್ಲ. 2013ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸ್ಟೀವನ್ ಕ್ಲಾಸ್, ಯೋಹಾನ್ ಬೆಲೆಮನ್ಸ್ ಮತ್ತು ಜೊತೆಗಾರರು ಮೃತದೇಹಗಳ 41 ಮಂಡಿಗಳನ್ನು ಪದರ ಪದರವಾಗಿ ಬಿಡಿಸಿದರು. 40ರಲ್ಲಿ ಅದು ಸಿಕ್ಕಿತು. ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ನಾರುಪಟ್ಟಿ) ಆಪರೇಷನ್ ಆದ ಮೇಲೂ ಕೆಲವರ ಮಂಡಿ ತಿರುಗುವಾಗ ಯಾಕೆ ಜಾರುತ್ತದೆ ಅನ್ನುವುದಕ್ಕೆ ಒಂದು ಸುಳಿವು ಹೀಗೆ ಬಂತು. ಸೆಗೊಂಡ್ ಹೇಳಿದ ಆ ಪಟ್ಟಿ ಎಲ್ಲರಲ್ಲೂ ಇದೆಯಾ, ಅದನ್ನು ಲಿಗಮೆಂಟ್ ಅನ್ನಬಹುದಾ ಅಂತ ಜಗಳ ಇನ್ನೂ ನಡೀತಿದೆ. ಅನಾಟಮಿಯವರು ಸುಲಭಕ್ಕೆ ಒಪ್ಪುವ ಜನ ಅಲ್ಲ.

ಪ್ರಶ್ನೆ (ಗೃಹಿಣಿ, ಹುಬ್ಬಳ್ಳಿ): ಮೇಡಂ, ದೇಹ ಕೆಡದಂಗ ಹೆಂಗ ಇಡ್ತೀರಿ? ಬರೇ ಫ್ರಿಜ್ಜಿನ್ಯಾಗೇನು? ಕೇಳಲಿಕ್ಕೆ ಒಂಥರಾ ಆಗ್ತದ, ಆದ್ರೂ ಕೇಳೇಬಿಟ್ಟೆ.

ಉತ್ತರ: ಕೇಳಿದ್ದು ಒಳ್ಳೇದೇ ಆಯಿತು ಅಕ್ಕಾ. ಫ್ರಿಜ್ಜಿನಲ್ಲಿ ಇಡುವುದು ಸ್ವಲ್ಪ ದಿನಕ್ಕೆ ಮಾತ್ರ. ವರ್ಷಗಟ್ಟಲೆ ಉಳಿಯಬೇಕಾದರೆ ಎಂಬಾಮಿಂಗ್ ಮಾಡಬೇಕು. ತೊಡೆಯ ಮೇಲ್ಭಾಗದಲ್ಲಿ ಸಣ್ಣದಾಗಿ ಕೊಯ್ದು ದೊಡ್ಡ ಅಪಧಮನಿ ಹುಡುಕಿ, ಅದಕ್ಕೆ ನಳಿಕೆ ಕಟ್ಟುತ್ತೇವೆ. ಮೇಲೆ ಎತ್ತರದಲ್ಲಿ ದ್ರಾವಣದ ಡಬ್ಬ ಇರುತ್ತದೆ, ಇಲ್ಲವೇ ಪಂಪ್ ಇರುತ್ತದೆ. ಫಾರ್ಮಾಲಿನ್, ಫೀನಾಲ್, ಗ್ಲಿಸರಿನ್, ಸ್ಪಿರಿಟ್ ಸೇರಿದ ದ್ರಾವಣ ಲೀಟರುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಅವಸರ ಮಾಡಿದರೆ ಒಳಗೆ ಸಣ್ಣ ನಾಳಗಳು ಒಡೆದು ಎಲ್ಲಾ ಹಾಳು. ಹೊರಗಿನಿಂದ ನೋಡುತ್ತಾ ನಿಂತಿರಬೇಕು. ಕೈ ಬೆರಳ ತುದಿ ಬಿಗಿಯಾಯಿತಾ, ಕಿವಿ ಹಾಲೆ ಉಬ್ಬಿತಾ ಅಂತ ಮುಟ್ಟಿ ಮುಟ್ಟಿ ನೋಡುತ್ತೇವೆ. ಎಲ್ಲಾದರೂ ಮೆತ್ತಗೇ ಉಳಿದರೆ ಅಲ್ಲಿಗೆ ಸಿರಿಂಜಿನಲ್ಲಿ ಬೇರೆ ಕೊಡಬೇಕು. ಆಮೇಲೆ ಕಾಲಿಗೆ ನಂಬರಿನ ಬಿಲ್ಲೆ ಕಟ್ಟಿ ಟ್ಯಾಂಕಿಗೆ ಇಳಿಸುವುದು. ಹೆಸರು ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೆ ಹೇಳುವುದಿಲ್ಲ.

ಫಾರ್ಮಾಲಿನ್ನಿನ ಕಷ್ಟ ಏನೆಂದರೆ ದೇಹ ಗಟ್ಟಿಯಾಗುತ್ತದೆ, ಕೀಲು ಮಡಚಲು ಬರುವುದಿಲ್ಲ. ಹೊಸ ಆಪರೇಷನ್ ಕಲಿಯುವ ಸರ್ಜನ್ನುಗಳಿಗೆ ಅಂಥದ್ದು ಪ್ರಯೋಜನಕ್ಕೆ ಬರದು. ಅವರಿಗೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟ ದೇಹ ಬೇಕು, ಇಲ್ಲವೇ ಮೃದು ಎಂಬಾಮಿಂಗ್ ಆಗಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಥೀಲ್ 1992ರಲ್ಲಿ ಅಂಥದೊಂದು ವಿಧಾನ ಪ್ರಕಟಿಸಿದರು. ಅದರಲ್ಲಿ ಚರ್ಮದ ಬಣ್ಣ ಅಷ್ಟಾಗಿ ಕೆಡುವುದಿಲ್ಲ, ಕೈಕಾಲು ಮಡಚಬಹುದು. ಬೆಂಗಳೂರಿನಲ್ಲಿ ರಾಮಯ್ಯ ಅಡ್ವಾನ್ಸ್ಡ್ ಲರ್ನಿಂಗ್ ಸೆಂಟರ್‌ನಂಥ ಕಡೆ ಡಾಕ್ಟರುಗಳು ಮೃತದೇಹದ ಮೇಲೆ ಹೊಸ ಶಸ್ತ್ರಚಿಕಿತ್ಸೆ ಅಭ್ಯಾಸ ಮಾಡುತ್ತಾರೆ. ಎಂಡೋಸ್ಕೋಪ್ ಅನ್ನುವ ಕ್ಯಾಮೆರಾ ನಳಿಕೆಯನ್ನು ಮೂಗಿನಿಂದ ತೂರಿಸಿ ಮೆದುಳಿನ ಬುಡದ ಗಡ್ಡೆ ತೆಗೆಯುವ ಆಪರೇಷನ್ ಇದೆ. ಮೊದಲ ಸಲ ಎಡವುವುದು ಅಲ್ಲಿ ಎಡವಿಬಿಡಲಿ, ಬದುಕಿರುವವರ ಮೇಲೆ ಬೇಡ, ಅಲ್ವಾ?

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ಈಗ ತ್ರೀಡಿ ಟೇಬಲ್, ವಿಆರ್ ಎಲ್ಲಾ ಬಂದಿದೆ. ಇನ್ನೂ ಹೆಣ ಕೊಯ್ಯೋದು ಯಾಕೆ?

ಉತ್ತರ: ಆ ತ್ರೀಡಿ ಚಿತ್ರ ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1994ರಲ್ಲಿ ಒಬ್ಬ ಗಂಡಸಿನ ಇಡೀ ದೇಹದ ಚಿತ್ರಗಳನ್ನು ಬಿಡುಗಡೆ ಮಾಡಿತು. ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರ್ ಸವೆಸುತ್ತಾ ಪ್ರತಿ ಪದರಕ್ಕೂ ಫೋಟೋ. ಒಟ್ಟು 1871 ಪದರ. ಮರುವರ್ಷ ಒಬ್ಬ ಹೆಂಗಸಿನದು ಬಂತು, ಅದರಲ್ಲಿ ಒಂದು ಪದರ ಮಿಲಿಮೀಟರಿನ ಮೂರನೇ ಒಂದು ಭಾಗ, ಹಾಗಾಗಿ ಐದು ಸಾವಿರಕ್ಕೂ ಹೆಚ್ಚು ಚಿತ್ರ. ಜಗತ್ತಿನ ಎಷ್ಟೋ ಸಾಫ್ಟ್‌ವೇರುಗಳಿಗೆ ಇವೇ ತಳಪಾಯ. ಆ ಗಂಡಸು ಟೆಕ್ಸಾಸಿನಲ್ಲಿ 1993ರಲ್ಲಿ ಮರಣದಂಡನೆಗೆ ಗುರಿಯಾದ ಕೈದಿ. ತನ್ನ ದೇಹ ಕೊಡಲು ಒಪ್ಪಿದ್ದ. ಜೈಲಿನಲ್ಲಿ ಸಾವಿಗೆ ಕಾದಿರುವವನ ಒಪ್ಪಿಗೆ ಎಷ್ಟು ಸ್ವತಂತ್ರ ಅನ್ನುವ ಪ್ರಶ್ನೆ ಆಗಲೇ ಎದ್ದಿತ್ತು. ನನಗೂ ಆ ವಿಷಯದಲ್ಲಿ ಸಮಾಧಾನ ಇಲ್ಲ.

ಸ್ಕ್ರೀನ್ ಒಳ್ಳೆಯದೇ, ನಾವೂ ಬಳಸುತ್ತೇವೆ. ಆದರೆ ನರ ಯಾವುದು, ಬರೀ ನಾರು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು. ಗಾಜಿನ ಮೇಲೆ ಬೆರಳಾಡಿಸಿದರೆ ಗೊತ್ತಾಗಲ್ಲ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಮೈಸೂರು): ನನ್ನ ಅಮ್ಮನಿಗೆ ಮರೆವಿನ ಕಾಯಿಲೆ, ಅಲ್‌ಜೈಮರ್ ಅಂದಿದ್ದಾರೆ. ಅವರ ಮೆದುಳು ಸಂಶೋಧನೆಗೆ ಸಿಗಬೇಕು ಅಂತ ನನ್ನ ಆಸೆ. ಅವರು ಮುಂಚೆ ಚೆನ್ನಾಗಿದ್ದಾಗಲೇ ಈ ಮಾತು ಹೇಳಿದ್ದರು. ಮೆಡಿಕಲ್ ಕಾಲೇಜಿಗೆ ದೇಹದಾನ ಮಾಡಿದರೆ ಸಾಕಾ?

ಉತ್ತರ: ಸಾಲದು. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ತುಂಬಾ ಜನಕ್ಕೆ ಇಲ್ಲೇ ಗೊಂದಲ.

ನಮ್ಮ ಟ್ಯಾಂಕಿಗೆ ಹೋದ ದೇಹದ ಮೆದುಳು ಆಕಾರ ಕಲಿಸಲು ಚೆನ್ನಾಗಿರುತ್ತದೆ. ಆದರೆ ಅದರ ಪ್ರೋಟೀನು, ಆರ್‌ಎನ್‌ಎ ನೋಡುವ ಸಂಶೋಧನೆಗೆ ಬೇಕಿರುವುದು ಬೇಗ ತೆಗೆದು ಹೆಪ್ಪುಗಟ್ಟಿಸಿದ ಮೆದುಳು. ಅದಕ್ಕೆ ಬೇರೆಯೇ ಜಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ನಡೆಯುತ್ತಿದೆ. ಡಾ. ಎಸ್.ಕೆ. ಶಂಕರ್ ಅದನ್ನು ಕಟ್ಟಿದವರು. ಅಲ್ಲಿ ಒಂದು ಭಾಗವನ್ನು ಫಾರ್ಮಾಲಿನ್ನಿನಲ್ಲಿ ಇಡುತ್ತಾರೆ, ಇನ್ನೊಂದನ್ನು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ. ಸಂಶೋಧಕರು ನೈತಿಕ ಸಮಿತಿಯ ಅನುಮತಿ ತೋರಿಸಿ ಸಣ್ಣ ತುಣುಕು ಪಡೆಯುತ್ತಾರೆ. ರೋಗಿಗಳ ಮೆದುಳಷ್ಟೇ ಅಲ್ಲ, ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ಮೆದುಳೂ ಬೇಕು. ಅಪಘಾತದಲ್ಲಿ ತೀರಿಕೊಂಡವರ ಮನೆಯವರು ಒಪ್ಪಿಗೆ ಕೊಟ್ಟಿದ್ದರಿಂದ ಅಂಥವೂ ಅಲ್ಲಿ ಸೇರಿವೆ. ಆ ದುಃಖದಲ್ಲೂ ಸಹಿ ಹಾಕಿದವರು ಅವರು.

ಅಲ್‌ಜೈಮರ್ ಅಂತ ಡಾಕ್ಟರು ಹೇಳಿದರೂ ಎಷ್ಟೋ ಸಲ ಜೊತೆಗೆ ರಕ್ತನಾಳದ ತೊಂದರೆಯೂ ಬೆರೆತಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗಲೇ ಪೂರ್ತಿ ಚಿತ್ರ ಸಿಗುವುದು.

ನೀವು ಮಾಡಬೇಕಾದ್ದು ಇಷ್ಟು. ಈಗಲೇ ನಿಮ್ಹಾನ್ಸಿಗೆ ಫೋನ್ ಮಾಡಿ. ಮೈಸೂರಿನಿಂದ ಆ ಹೊತ್ತಿಗೆ ಹೇಗೆ, ಎಷ್ಟು ಬೇಗ ಅಂತ ವಿಚಾರಿಸಿ. ಮೆದುಳು ತೆಗೆದ ಮೇಲೆ ಉಳಿದ ದೇಹವನ್ನು ನಿಮ್ಮೂರಿನ ಕಾಲೇಜು ತಗೊಳ್ಳುತ್ತದಾ ಅಂತ ಅವರನ್ನೂ ಕೇಳಿ. ಕೆಲವರು ತಗೊಳ್ಳಲ್ಲ.

ಅದೇ ಸದಸ್ಯರು: ಥ್ಯಾಂಕ್ಸ್ ಮೇಡಂ. ನಾಳೆಯೇ ಮಾಡ್ತೀನಿ. ತಂಗಿಗೂ ಹೇಳಬೇಕು, ಅವಳಿಗೆ ಇದು ಇಷ್ಟ ಇಲ್ಲ.

ಉತ್ತರ: ಹಾಗಾದರೆ ಮೊದಲು ತಂಗಿ, ಆಮೇಲೆ ನಿಮ್ಹಾನ್ಸ್. ಅಮ್ಮ ಹೇಳಿದ್ದ ಮಾತನ್ನು ಹಾಗೇ ಅವರ ಮುಂದೆ ಹೇಳಿ. ಸತ್ತ ಮೇಲೆ ತೀರ್ಮಾನ ಮನೆಯವರದ್ದೇ. ಹತ್ತಿರದವರು ಬೇಡ ಅಂದರೆ ಯಾವ ಕಾಲೇಜೂ ಸಹಿ ಮಾಡಿದ ಕಾಗದ ಹಿಡಿದುಕೊಂಡು ಜಗಳಕ್ಕೆ ಬರುವುದಿಲ್ಲ.

ಪ್ರಶ್ನೆ (ಕಾರು ಚಾಲಕ, ತುಮಕೂರು): ಕಾರು ಗುದ್ದಿಸಿ ಪರೀಕ್ಷೆ ಮಾಡೋಕೆ ಹೆಣ ಬಳಸ್ತಾರಂತೆ, ನಿಜವಾ?

ಉತ್ತರ: ಕೆಲವು ದೇಶಗಳಲ್ಲಿ ನಿಜ. ಅಮೆರಿಕದ ಡೆಟ್ರಾಯಿಟ್ಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1930ರ ದಶಕದ ಕೊನೆಯಿಂದ ಈ ಕೆಲಸ ನಡೆದಿದೆ. ತಲೆಬುರುಡೆ ಎಷ್ಟು ಪೆಟ್ಟಿಗೆ ಬಿರುಕು ಬಿಡುತ್ತದೆ, ಎದೆಗೂಡು ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ ಬದುಕಿರುವವರಿಂದ ಸಿಗಲ್ಲ. ಟಿವಿಯಲ್ಲಿ ತೋರಿಸುವ ಹಳದಿ ಬೊಂಬೆಗೂ ತನ್ನಷ್ಟಕ್ಕೆ ಏನೂ ಗೊತ್ತಿಲ್ಲ. ಅದರ ಎದೆ ಎಷ್ಟು ಕುಸಿಯಬೇಕು ಅಂತ ಹೇಳಿಕೊಟ್ಟಿದ್ದು ಮೃತದೇಹಗಳೇ. ಅಲ್ಲಿಯ ಆಲ್ಬರ್ಟ್ ಕಿಂಗ್ ಮತ್ತು ಸಂಗಡಿಗರು 1995ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಈ ಸಂಶೋಧನೆಯಿಂದ ಕಾರುಗಳಲ್ಲಿ ಆದ ಬದಲಾವಣೆಗಳು 1987ರಿಂದ ವರ್ಷಕ್ಕೆ ಸುಮಾರು 8500 ಜೀವ ಉಳಿಸಿವೆ ಅಂತ. ನೀವು ಸೀಟ್ ಬೆಲ್ಟ್ ಹಾಕ್ತೀರಿ ತಾನೆ?

ಪ್ರಶ್ನೆ (ಅಮೆರಿಕದಲ್ಲಿರುವ ಕನ್ನಡಿಗರು, ಫೀನಿಕ್ಸ್): ಇಲ್ಲಿ ದೇಹ ಪಡೆದು ಮಾರಿದ ಕೇಸ್ ಆಗಿತ್ತು. ಅಪ್ಪ ಅಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಭಯ ಆಗುತ್ತದೆ.

ಉತ್ತರ: ಅರಿಜೋನಾದ ಖಾಸಗಿ ಕಂಪನಿಯ ಆ ಕೇಸ್ ನಾನೂ ಓದಿದ್ದೇನೆ. ಅಲ್‌ಜೈಮರ್ ಸಂಶೋಧನೆಗೆ ಅಂತ ಮಗ ಕೊಟ್ಟ ತಾಯಿಯ ದೇಹ ಸೇನೆಯ ಸ್ಫೋಟ ಪರೀಕ್ಷೆಗೆ ಹೋಗಿತ್ತು. ಫಾರಂನಲ್ಲಿ ಅಂಥದ್ದಕ್ಕೆ ಬೇಡ ಅಂತ ಅವರು ಗುರುತು ಹಾಕಿದ್ದರು. 2019ರಲ್ಲಿ ಜ್ಯೂರಿ ದಾನಿಗಳ ಕುಟುಂಬಗಳಿಗೆ 5.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ನಡುವೆ ವ್ಯಾಪಾರದ ಕಂಪನಿ ಇದ್ದರೆ ದೂರ ಇರಿ. ವಿಶ್ವವಿದ್ಯಾಲಯಕ್ಕೆ ನೇರವಾಗಿ ಕೊಡಿ. ಬೇರೆಯವರಿಗೆ ಕೊಡ್ತೀರಾ, ಭಾಗ ಭಾಗವಾಗಿ ಕಳಿಸ್ತೀರಾ ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ನಮ್ಮಲ್ಲಿಯೂ ಅಷ್ಟೇ, ಯಾರಾದರೂ ಹಣದ ಮಾತು ತೆಗೆದರೆ ಅಲ್ಲಿಗೆ ನಿಲ್ಲಿಸಿ. ದೇಹದಾನಕ್ಕೆ ದುಡ್ಡು ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ.

ಪ್ರಶ್ನೆ (ಅರ್ಚಕರ ಮನೆಯವರು, ಉಡುಪಿ ಜಿಲ್ಲೆ): ದಹನವೇ ಆಗದಿದ್ದರೆ ಉತ್ತರಕ್ರಿಯೆ ಹೇಗೆ? ಕೊನೆಗೆ ಅಸ್ಥಿಯಾದರೂ ಕೊಡುತ್ತೀರಾ?

ಉತ್ತರ: ದೇಹ ಸಿಗದಿದ್ದಾಗ ದರ್ಭೆಯಲ್ಲಿ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮನೆಯಲ್ಲಿ ಮಾಡಬೇಕಾದ ಪೂಜೆ, ದರ್ಶನ ಮುಗಿಸಿಯೇ ಜನ ನಮ್ಮಲ್ಲಿಗೆ ತರುತ್ತಾರೆ. ಬೆಳಗಾವಿಯಲ್ಲಿ 2010ರಲ್ಲಿ ಆಯುರ್ವೇದ ಕಾಲೇಜಿನ ಅನಾಟಮಿ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, ತಂದೆಯ ಇಚ್ಛೆಯಂತೆ ಅವರದೇ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ್ದರು. ನನ್ನ ಕೈಲಿ ಆಗದ ಕೆಲಸ ಅದು, ಹೇಳಿಬಿಡ್ತೀನಿ.

ಅಸ್ಥಿ ವಿಷಯ ನೇರವಾಗಿ ಹೇಳಬೇಕು. ಬಹುತೇಕ ಕಾಲೇಜುಗಳು ವಾಪಸ್ ಕೊಡುವುದಿಲ್ಲ. ಮೂಳೆಗಳನ್ನು ಪಾಠಕ್ಕೆ ಇಟ್ಟುಕೊಳ್ಳುತ್ತೇವೆ, ಉಳಿದದ್ದನ್ನು ನಿಯಮದಂತೆ ಮಣ್ಣು ಅಥವಾ ಬೆಂಕಿಗೆ ಒಪ್ಪಿಸುತ್ತೇವೆ. ಅದಾಗಲು ಒಂದೆರಡು ವರ್ಷ, ಕೆಲವೊಮ್ಮೆ ಜಾಸ್ತಿಯೇ ಹಿಡಿಯುತ್ತದೆ. ಇದು ಒಪ್ಪಿಗೆ ಇಲ್ಲದಿದ್ದರೆ ಬರೀ ಕಣ್ಣು ಕೊಡಿ. ಅದೂ ದೊಡ್ಡ ದಾನವೇ.

ಪ್ರಶ್ನೆ (ನಿವೃತ್ತ ಮೇಷ್ಟ್ರು, ಮತ್ತೆ): ಫಾರಂ ತುಂಬಿದರೂ ಬೇಡ ಅಂತ ವಾಪಸ್ ಕಳಿಸಿದ ಸುದ್ದಿ ಕೇಳಿದೆ. ಯಾಕೆ? ಆ ಹೊತ್ತಿಗೆ ಮನೆಯವರು ಮೊದಲು ಏನು ಮಾಡಬೇಕು?

ಉತ್ತರ: ಪೋಸ್ಟ್‌ಮಾರ್ಟಂ ಆಗಿದ್ದರೆ ರಕ್ತನಾಳಗಳು ಕತ್ತರಿಸಿ ಹೋಗಿರುತ್ತವೆ, ದ್ರಾವಣ ನಿಲ್ಲುವುದಿಲ್ಲ. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಕೇಸ್ ಆದರೆ ಬೇಡ. ಎಚ್‌ಐವಿ, ಹೆಪಟೈಟಿಸ್, ಕ್ಷಯದಂಥ ಸೋಂಕು ಇದ್ದರೆ ಬೇಡ, ಟೇಬಲ್ಲಿನ ಸುತ್ತ ಹದಿನೆಂಟರ ಮಕ್ಕಳು ನಿಂತಿರುತ್ತಾರೆ. ದೇಹ ಕೆಡಲು ಶುರುವಾಗಿದ್ದರೆ ಬೇಡ. ಹಾಗಾಗಿ ಮನೆಯಲ್ಲಿ ದಹನದ ಇನ್ನೊಂದು ಯೋಚನೆಯೂ ಇರಲಿ.

ಆ ಹೊತ್ತಿಗೆ ಮೊದಲ ಫೋನ್ ಕಣ್ಣಿನ ಬ್ಯಾಂಕಿಗೆ. ಆರು ಗಂಟೆಯೊಳಗೆ ಅವರು ಬರಬೇಕು. ಕಣ್ಣು ಕೊಟ್ಟ ದೇಹವನ್ನು ನಾವು ತಗೊಳ್ಳುತ್ತೇವೆ, ಅದಕ್ಕೆ ತೊಂದರೆ ಇಲ್ಲ. ಅವರು ಬರುವ ತನಕ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ. ಎರಡನೇ ಫೋನ್ ಕಾಲೇಜಿನ ಅನಾಟಮಿ ವಿಭಾಗಕ್ಕೆ. ಭಾನುವಾರ, ಹಬ್ಬದ ದಿನ ಯಾರಿಗೆ ಮಾಡಬೇಕು ಅಂತ ಈಗಲೇ ಕೇಳಿಟ್ಟುಕೊಳ್ಳಿ. ದೂರದಿಂದ ಮಕ್ಕಳು ಬರುವುದು ತಡವಾದರೆ ಫ್ರೀಜರ್ ಬಾಕ್ಸ್ ತರಿಸಿ. ಸಾವಿನ ಕಾರಣ ಬರೆದ ಡಾಕ್ಟರ ಪತ್ರ, ಆಧಾರ್ ನಕಲು, ನಿಮ್ಮ ಫಾರಂ ಎಲ್ಲಾ ಒಂದೇ ಕವರಿನಲ್ಲಿ ಇರಲಿ. ಫಾರಂನ ಜೆರಾಕ್ಸ್ ಒಂದನ್ನು ಪಕ್ಕದ ಮನೆಯವರ ಹತ್ತಿರವೂ ಕೊಟ್ಟಿರಿ ಸರ್, ಬೀರುವಿನ ಕೀ ಎಲ್ಲಿದೆ ಅಂತ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.