ಸಹಾಯ ಬೇಕು: ಉರುಕ್ ನಗರದ ಮಣ್ಣಿನ ಬಟ್ಟಲುಗಳ ಬಗ್ಗೆ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಇಂದಿನ ದಕ್ಷಿಣ ಇರಾಕಿನಲ್ಲಿ, ಯೂಫ್ರೆಟಿಸ್ ನದಿಯ ನೀರನ್ನು ನೆಚ್ಚಿ ಬೆಳೆದ ಉರುಕ್ ನಗರದಲ್ಲಿ ಕ್ರಿ.ಪೂ. 3300ರ ಸುಮಾರಿಗೆ ಬರವಣಿಗೆ ಆರಂಭವಾದದ್ದು ಕಾವ್ಯಕ್ಕಾಗಿ ಅಲ್ಲ, ಬಾರ್ಲಿ, ಬಿಯರು, ಕುರಿಗಳ ಲೆಕ್ಕಕ್ಕಾಗಿ ಎಂದು ಕಳೆದ ವಾರ ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು (ನನಗೂ ಪಾಠದಲ್ಲಿ ಅತ್ಯಂತ ಇಷ್ಟವಾದ ಭಾಗ ಅದೇ). ಅಲ್ಲಿ ಅಂಚು ಓರೆಯಾಗಿರುವ ಒರಟು ಮಣ್ಣಿನ ಬಟ್ಟಲುಗಳು ರಾಶಿರಾಶಿಯಾಗಿ ದೊರೆತಿದ್ದು, ಮಣ್ಣಿನ ಫಲಕಗಳಲ್ಲಿ ಆಹಾರವನ್ನು ಸೂಚಿಸುವ ಚಿಹ್ನೆಯೂ ಅಂಥದೇ ಬಟ್ಟಲನ್ನು ಹೋಲುತ್ತದೆ. ಅವು ಕೆಲಸಗಾರರಿಗೆ ಧಾನ್ಯದ ಪಡಿ ಅಳೆದು ಕೊಡುವ ಪಾತ್ರೆಗಳೆಂದು ಕೆಲವು ವಿದ್ವಾಂಸರು ಹೇಳಿದರೆ, ರೊಟ್ಟಿ ಬೇಯಿಸುವ ಅಚ್ಚುಗಳೆಂದು ಇನ್ನು ಕೆಲವರು ವಾದಿಸುತ್ತಾರೆ. “ನಮ್ಮ ಪಾವು, ಸೇರಿನ ಹಾಗೆ ಎಲ್ಲ ಬಟ್ಟಲೂ ಒಂದೇ ಅಳತೆ ಇದ್ದವಾ ಸಾರ್?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಅವಳಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ. ಈ ಎರಡೂ ವಾದಗಳ ಆಧಾರಗಳನ್ನು ವಿವರಿಸುವ ಕನ್ನಡದ ಲೇಖನವಾಗಲಿ ಉಪನ್ಯಾಸವಾಗಲಿ ತಮ್ಮ ಗಮನದಲ್ಲಿದ್ದರೆ ತಿಳಿಸಬೇಕೆಂದು ಕೋರುತ್ತೇನೆ. ಬಟ್ಟಲಿನ ಸ್ಪಷ್ಟ ಚಿತ್ರಗಳಿದ್ದರೆ ಅವೂ ಬೇಕು. ಮುಂದಿನ ಪಾಠ ಸೋಮವಾರ ಇದೆ.