ಕಿವಿಯ ಸಿಟಿ ಸ್ಕ್ಯಾನ್‌ನಲ್ಲಿ ಫೇಶಿಯಲ್ ನರ (ಮುಖದ ಸ್ನಾಯುಗಳನ್ನು ನಡೆಸುವ ನರ) ನಡುವೆ ತಪ್ಪಿಹೋಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಇಎನ್‌ಟಿ ಪಿಜಿ ಮಾಡುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿಗೆ ವರ್ಷಗಳಿಂದ ಕಿವಿ ಸೋರುತ್ತಿದೆ, ಕೊಲೆಸ್ಟಿಯಟೋಮಾ (ನಡುಗಿವಿಯಲ್ಲಿ ಚರ್ಮ ಬೆಳೆದು ಮೂಳೆ ಸವೆಸುವ ರೋಗ). ಆಪರೇಷನ್‌ಗೆ ಮೊದಲು ಸ್ಕ್ಯಾನ್‌ನಲ್ಲಿ ನರದ ದಾರಿಯನ್ನು ನಾನೇ ಗುರುತಿಸಿ ತೋರಿಸಬೇಕು. ಅಲ್ಲಿ ತಪ್ಪಿದರೆ ಅವರ ಮುಖವೇ ಸೊಟ್ಟಗಾಗಬಹುದು, ಆ ಭಯ ಬಿಡುತ್ತಿಲ್ಲ.

ಶುರು ಸುಲಭವಾಗಿ ಸಿಗುತ್ತದೆ. ಕೊರೋನಲ್‌ನಲ್ಲಿ (ಮುಂದಿನಿಂದ ನೋಡಿದಂತಿರುವ ಸ್ಲೈಸ್) ಕಾಕ್ಲಿಯಾದ (ಒಳಗಿವಿಯ ಸುರುಳಿ) ಮೇಲೆ ಬಸವನಹುಳದ ಕಣ್ಣಿನ ಹಾಗೆ ಎರಡು ಚುಕ್ಕೆ ಕಾಣುತ್ತವೆ ಅಲ್ವಾ, ಒಳಗಿನದು ನರದ ಲ್ಯಾಬಿರಿಂಥೈನ್ ಭಾಗ, ಹೊರಗಿನದು ಟಿಂಪ್ಯಾನಿಕ್ ಭಾಗ. ಕೆಳಗೆ ನರ ತಲೆಬುರುಡೆಯಿಂದ ಹೊರಬರುವ ಸ್ಟೈಲೋಮ್ಯಾಸ್ಟಾಯ್ಡ್ ರಂಧ್ರದಿಂದ ಮೇಲಕ್ಕೆ ಹತ್ತಿದರೂ ಸಿಗುತ್ತದೆ.

ತೊಂದರೆ ನಡುವೆ. ಲ್ಯಾಟರಲ್ ಕೆನಾಲ್‌ನ (ಒಳಗಿವಿಯ ಅರ್ಧವೃತ್ತ ನಾಳ) ಕೆಳಗೆ, ಓವಲ್ ವಿಂಡೋದ (ಒಳಗಿವಿಗೆ ತೆರೆಯುವ ಕಿಂಡಿ) ಮೇಲೆ ನರ ಇರಬೇಕು. ಅಲ್ಲೆಲ್ಲ ರೋಗವೇ ತುಂಬಿದೆ, ನರವೂ ಅದೇ ಬೂದು ಬಣ್ಣ. ನರದ ಮೇಲಿನ ಮೂಳೆಯ ತೆಳು ಪದರ ಕಾಣುತ್ತಿಲ್ಲ. ಸ್ಲೈಸ್ 0.6 ಮಿಮೀ. ಆಕ್ಸಿಯಲ್‌ನಲ್ಲೂ (ಅಡ್ಡ ಸ್ಲೈಸ್) ನೋಡಿದೆ, ಚಿತ್ರದ ಕಾಂಟ್ರಾಸ್ಟ್ ಸೆಟ್ಟಿಂಗ್ (ವಿಂಡೋ) ಬದಲಿಸಿದೆ. ಚೆನ್ನಾಗಿರುವ ಇನ್ನೊಂದು ಕಿವಿಯಲ್ಲೂ ಆ ಪದರ ಅರ್ಧಂಬರ್ಧ! ಅಲ್ಲಿಂದ ಗೊಂದಲ ಜಾಸ್ತಿಯಾಯಿತು.

ಮೂಳೆ ನಿಜಕ್ಕೂ ಸವೆದಿದೆಯೋ, ತೀರಾ ತೆಳುವಾಗಿ ಸ್ಲೈಸ್‌ನಲ್ಲಿ ಮೂಡಿಲ್ಲವೋ? ನೀವು ಇದನ್ನು ಹೇಗೆ ತೀರ್ಮಾನಿಸುತ್ತೀರಿ? ನರದ ಉದ್ದಕ್ಕೂ ಓರೆಯಾಗಿ ರಿಫಾರ್ಮ್ಯಾಟ್ ಮಾಡಿದರೆ (ಅದೇ ಸ್ಕ್ಯಾನ್‌ನಿಂದ ಬೇರೆ ಕೋನದಲ್ಲಿ ಚಿತ್ರ ತೆಗೆದರೆ) ಗೊತ್ತಾಗುತ್ತದಾ?