ಹೊಸ ಡಿಫೆನ್ಸಿವ್ ಕೋಆರ್ಡಿನೇಟರ್ ಬಂದಿದ್ದಾರೆ, ಹಳೆಯ ಅಂಕಿಅಂಶ ಎಷ್ಟು ನಂಬಬೇಕು?

ಕೇಶ್ವಾಪುರದವ, ಹುಬ್ಬಳ್ಳಿ

ನಮಸ್ಕಾರ ಎಲ್ಲರಿಗೂ. ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನಿಂದ ನನಗೂ ಅಲ್ಲಿನ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಹುಚ್ಚು ಹತ್ತಿದೆ. ಶನಿವಾರ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಮೊದಲ ಮ್ಯಾಚು ಶುರುವಾಗಿರುತ್ತದೆ.

ಅವನ ಯೂನಿವರ್ಸಿಟಿ ತಂಡಕ್ಕೆ ಈ ಸಲ ಹೊಸ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಎದುರಾಳಿಯನ್ನು ತಡೆಯುವ ಪಡೆಯ ಕೋಚ್, ಬಂದಿದ್ದಾರೆ. ಹಳೆಯ ತಂಡದಲ್ಲಿ ಅವರು ಎದುರಾಳಿಗೆ ಬಿಟ್ಟುಕೊಟ್ಟ ಪಾಯಿಂಟು ಬಹಳ ಕಡಿಮೆ, ಕಸಿದುಕೊಂಡ ಚೆಂಡು ಬಹಳ ಜಾಸ್ತಿ. ಅಳಿಯ ಈಗಲೇ ಕಪ್ ಗೆದ್ದಷ್ಟು ಖುಷಿಯಲ್ಲಿದ್ದಾನೆ. ನನಗೆ ಮಾತ್ರ ಅನುಮಾನ. ಅಲ್ಲಿನ ಅಂಕಿ ಇಲ್ಲಿಗೂ ಬರುತ್ತದಾ? ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಗದಗ ಮುಳಗುಂದ ನಾಕಾ

ಪಾಯಿಂಟು ಕಡಿಮೆ ಕೊಟ್ಟವರೇ ಒಳ್ಳೆಯ ಕೋಚು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಸ್ಕೋರ್‌ಬೋರ್ಡ್ ಸುಳ್ಳು ಹೇಳಲ್ಲ.

ಸಪ್ತಾಪುರ ಕಬಡ್ಡಿ, ಧಾರವಾಡ

ಗದಗದ ಅಣ್ಣಾ, ಅದೇ ಸ್ಕೋರ್‌ಬೋರ್ಡ್ ನೋಡಿ ಕೋಚ್‌ಗಳ ಕೆಲಸ ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಇಲ್ಲಿ ಕಾಲೇಜು ಹುಡುಗರಿಗೆ ಕಬಡ್ಡಿ ಕಲಿಸುತ್ತೇನೆ. ಅಂಕಣದಲ್ಲಿ ಮೂರೇ ಜನ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟು. ಹಾಗಾಗಿ ಯಾವಾಗಲೂ ಔಟ್ ಆಗುತ್ತಲೇ ಇರುವ ತಂಡಕ್ಕೆ ಸೂಪರ್ ಟ್ಯಾಕಲ್ ಮಾಡುವ ಅವಕಾಶವೇ ಜಾಸ್ತಿ. ಹಾಳೆಯಲ್ಲಿ ಬರೀ ಆ ಸಾಲು ನೋಡಿದವರು ಎಂಥಾ ಡಿಫೆನ್ಸು ಅನ್ನುತ್ತಾರೆ.

ಫುಟ್‌ಬಾಲಿನಲ್ಲೂ ಮ್ಯಾಚಿಗೆ ಸರಾಸರಿ ಪಾಯಿಂಟು ಅನ್ನುವುದರಲ್ಲಿ ಡಿಫೆನ್ಸಿಗೆ ಸಂಬಂಧವೇ ಇಲ್ಲದ್ದೂ ಸೇರುತ್ತದೆ. ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಎಸೆದ ಚೆಂಡನ್ನು ಎದುರಾಳಿ ಹಿಡಿದು ನಮ್ಮ ಕೊನೆಯ ಗೆರೆ ದಾಟಿ ಓಡಿ ಟಚ್‌ಡೌನ್ ಮಾಡಿದರೆ ಅದೂ ಲೆಕ್ಕಕ್ಕೆ ಬಂತು. ಓವರ್‌ಟೈಮಿನದೂ ಅಷ್ಟೇ. ಕಾಲೇಜು ಆಟದಲ್ಲಿ ಓವರ್‌ಟೈಮ್ ಶುರುವಾಗುವುದೇ ಎದುರಾಳಿಯ 25 ಯಾರ್ಡ್ (ಗಜ) ಗೆರೆಯಿಂದ, ಹಾಗಾಗಿ ಪಾಯಿಂಟು ಹೊಡೆಯುವುದು ಸುಲಭ. 2018ರಲ್ಲಿ ಟೆಕ್ಸಾಸ್ ಎ ಆಂಡ್ ಎಂ ತಂಡ ಎಲ್‌ಎಸ್‌ಯು ತಂಡವನ್ನು 74-72ರಲ್ಲಿ ಸೋಲಿಸಿತು. ನಾಲ್ಕು ಕ್ವಾರ್ಟರ್ ಮುಗಿದಾಗ ಸ್ಕೋರು 31-31 ಇತ್ತು! ಉಳಿದದ್ದೆಲ್ಲ ಏಳು ಓವರ್‌ಟೈಮಿನ ಪಾಯಿಂಟು. ಆ 74ನ್ನು ಡಿಫೆನ್ಸಿವ್ ಕೋಚ್ ತಲೆಗೆ ಕಟ್ಟಿದರೆ ಅನ್ಯಾಯ ಅಲ್ವಾ?

ಇನ್ನು ಚೆಂಡು ಕಸಿದುಕೊಳ್ಳುವ ಲೆಕ್ಕ. ನನಗೆ ಇದರ ಮೇಲೆ ನಂಬಿಕೆ ಎಲ್ಲಕ್ಕಿಂತ ಕಡಿಮೆ. ಕೈತಪ್ಪಿ ಬಿದ್ದ ಚೆಂಡು ಯಾರ ಕಡೆ ಪುಟಿಯುತ್ತದೆ ಅನ್ನುವುದು ಬಹುಪಾಲು ಅದೃಷ್ಟ. ಡಿಫೆನ್ಸಿವ್ ಕೋಆರ್ಡಿನೇಟರ್ ಅಲೆಕ್ಸ್ ಗ್ರಿಂಚ್ ಒಕ್ಲಹೋಮ ಯೂನಿವರ್ಸಿಟಿಯಿಂದ ಯುಎಸ್‌ಸಿ ಯೂನಿವರ್ಸಿಟಿಗೆ ಬಂದ 2022ರಲ್ಲಿ ತಂಡ ರಾಶಿ ಚೆಂಡು ಕಸಿದುಕೊಂಡಿತು, 11 ಮ್ಯಾಚು ಗೆದ್ದಿತು. ಆ ಸೀಸನ್ನಿನ ಕೊನೆಯ ಮ್ಯಾಚು ಕಾಟನ್ ಬೌಲಿನಲ್ಲಿ ಟುಲೇನ್ ತಂಡ ಇದೇ ಡಿಫೆನ್ಸಿನ ಮೇಲೆ 46 ಪಾಯಿಂಟು ಹೊಡೆಯಿತು. ಮುಂದಿನ ನವೆಂಬರಿನಲ್ಲಿ ವಾಷಿಂಗ್ಟನ್ 52 ಹೊಡೆಯಿತು. ಮರುದಿನವೇ ಗ್ರಿಂಚ್ ಕೆಲಸ ಹೋಯಿತು. ಕಸಿದ ಚೆಂಡುಗಳು ಮುಚ್ಚಿಟ್ಟಿದ್ದ ಕೊರತೆ ಎರಡನೇ ವರ್ಷ ಹೊರಬಂತು.

ಇನ್ನೊಬ್ಬ ಡಿಫೆನ್ಸಿವ್ ಕೋಆರ್ಡಿನೇಟರ್ ಜಿಮ್ ನೋಲ್ಸ್ ಅವರ ಕಥೆ ಇದಕ್ಕೆ ಉಲ್ಟಾ. ಒಕ್ಲಹೋಮ ಸ್ಟೇಟ್‌ಗೆ 2018ರಲ್ಲಿ ಬಂದರು. ಅಲ್ಲಿ ಮೊದಲ ವರ್ಷ ಅಷ್ಟಕ್ಕಷ್ಟೆ, 2021ರ ಹೊತ್ತಿಗೆ ಗಟ್ಟಿ ಡಿಫೆನ್ಸು. 2022ರಲ್ಲಿ ಒಹಾಯೊ ಸ್ಟೇಟ್‌ಗೆ ಹೋದರು. ಆ ವರ್ಷ ಮ್ಯಾಚಿಗೆ ಸರಾಸರಿ 21 ಪಾಯಿಂಟು ಬಿಟ್ಟರು. ಮಿಶಿಗನ್ 45 ಹೊಡೆಯಿತು, ಜಾರ್ಜಿಯಾ 42. ಆಗ ಬೈದವರು ಕಡಿಮೆ ಇರಲಿಲ್ಲ. 2023ರಲ್ಲಿ ಸರಾಸರಿ 11.2ಕ್ಕೆ ಇಳಿಯಿತು. 2024ರಲ್ಲಿ 12.9, ರಾಷ್ಟ್ರೀಯ ಚಾಂಪಿಯನ್ ಪಟ್ಟವೂ ಬಂತು. ಹಾಗಾಗಿ ನಾನು ಒಂದು ವರ್ಷದ ಅಂಕಿ ನೋಡುವುದಿಲ್ಲ. ಒಂದೇ ತಂಡದಲ್ಲಿ ಮೂರು ವರ್ಷ ಹೇಗೆ ಬದಲಾಯಿತು ಅಂತ ನೋಡುತ್ತೇನೆ.

ಗದಗ ಮುಳಗುಂದ ನಾಕಾ

ಸರಿ, ಓವರ್‌ಟೈಮ್ ವಿಷಯ ಒಪ್ಪಿದೆ. ಆದರೆ ನೋಲ್ಸ್ 2025ರಲ್ಲಿ ಪೆನ್ ಸ್ಟೇಟ್‌ಗೆ ಹೋದರಲ್ಲ. ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಒಂದೂ ಮ್ಯಾಚು ಗೆಲ್ಲದ ಯುಸಿಎಲ್‌ಎ, ನೋಲ್ಸ್ ತಂಡದ ಮೇಲೆ 42 ಹೊಡೆಯಿತು. ಆಗ ಎಲ್ಲಿ ಹೋಯಿತು ಜಾಣತನ?

ಸಪ್ತಾಪುರ ಕಬಡ್ಡಿ, ಧಾರವಾಡ

ಒಳ್ಳೆಯ ಪ್ರಶ್ನೆ. ಅವರು ಬಿಟ್ಟು ಹೋದ ಮೇಲೂ ಒಹಾಯೊ ಸ್ಟೇಟ್ ಡಿಫೆನ್ಸು ಕುಸಿಯಲಿಲ್ಲ, ಅದನ್ನೂ ನೋಡಿ. ಅಲ್ಲಿಗೆ ಬರುವ ಹುಡುಗರೇ ಅಂಥವರು. ಕೋಚ್ ಊರು ಬಿಟ್ಟಾಗ ಅಂಕಿ ಅವರ ಜೊತೆ ಬರುತ್ತದೆ, ಹುಡುಗರು ಅಲ್ಲೇ ಉಳಿಯುತ್ತಾರೆ. ಹೊಸ ಪಾಠ ಕಲಿಯಲು ಒಂದು ವರ್ಷವಾದರೂ ಬೇಕು.

ಕೇಶ್ವಾಪುರದ ಸರ್, ನಿಮ್ಮ ಹೊಸ ಕೋಚ್ ಹಳೆಯ ತಂಡದಲ್ಲಿ ಪ್ರತಿ ಪ್ಲೇಗೆ (ಎದುರಾಳಿ ಚೆಂಡು ಮುಂದೊಯ್ಯುವ ಒಂದೊಂದು ಯತ್ನಕ್ಕೆ) ಎಷ್ಟು ಯಾರ್ಡ್ ಬಿಟ್ಟರು ಅಂತ ಹುಡುಕಿ. ಮ್ಯಾಚಿನ ಒಟ್ಟು ಯಾರ್ಡ್ ಬೇಡ. ಅವರ ತಂಡದ ಆಫೆನ್ಸು (ದಾಳಿ ಮಾಡುವ ಪಡೆ) ನಿಧಾನಕ್ಕೆ ಆಡಿ ಗಡಿಯಾರ ತಿಂದಿದ್ದರೆ ಎದುರಾಳಿಗೆ ಚೆಂಡೇ ಕಡಿಮೆ ಸಿಕ್ಕಿರುತ್ತದೆ. ಓಟದ ಯಾರ್ಡ್ ನೋಡುವಾಗಲೂ ಹುಷಾರು. ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಿಂದ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದೆಯೇ ಬೀಳಿಸುವುದು) ಹೋದ ಯಾರ್ಡ್ ಓಟದಿಂದಲೇ ಕಳೆಯುತ್ತಾರೆ. ಸ್ಯಾಕ್ ಜಾಸ್ತಿ ಮಾಡುವ ತಂಡ ಓಟ ತಡೆಯುವುದರಲ್ಲೂ ಭಾರಿ ಗಟ್ಟಿ ಅನ್ನುವ ಹಾಗೆ ಕಾಣುತ್ತದೆ. ಸ್ಯಾಕ್ ತೆಗೆದು ಮತ್ತೆ ಲೆಕ್ಕ ಹಾಕಿ.

ಕೇಶ್ವಾಪುರದವ, ಹುಬ್ಬಳ್ಳಿ

ಭಾಳ ಉಪಕಾರ ಆಯ್ತು ಸರ್. ಅಳಿಯನಿಗೆ ಇದನ್ನೆಲ್ಲ ಕಳಿಸಿದ್ದೇನೆ. ಸೀಸನ್ ಶುರುವಾದ ಮೇಲೆ ಮ್ಯಾಚಿನಲ್ಲಿ ಏನು ನೋಡಲಿ?

ಸಪ್ತಾಪುರ ಕಬಡ್ಡಿ, ಧಾರವಾಡ

ಟ್ಯಾಕಲ್ ನೋಡಿ. ಮೊದಲು ಕೈ ಹಾಕಿದವನೇ ಬೀಳಿಸುತ್ತಾನಾ, ಅಥವಾ ಕೊಸರಿಕೊಂಡು ಇನ್ನೂ ಹತ್ತು ಯಾರ್ಡ್ ಓಡುತ್ತಾರಾ? ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಎದುರಾಳಿಗೆ ಇನ್ನೂ ಬಹಳ ಯಾರ್ಡ್ ಬಾಕಿ ಇದ್ದಾಗ ತಡೆಯುತ್ತಾರಾ? ಆರಂಭದಲ್ಲಿ ಸುಲಭದ ಎದುರಾಳಿಗಳಿರುತ್ತಾರೆ, ಆ ಸ್ಕೋರು ಬಿಟ್ಟುಬಿಡಿ. ತಮ್ಮದೇ ಕಾನ್ಫರೆನ್ಸಿನ (ಕಾಲೇಜು ತಂಡಗಳ ಗುಂಪಿನ) ಮ್ಯಾಚು ಶುರುವಾದ ಮೇಲೆ ಹಾಳೆ ಕಳಿಸಿ, ಭಾನುವಾರ ಪ್ರಾಕ್ಟೀಸು ಮುಗಿಸಿ ಕೂತು ನೋಡಿ ಹೇಳುತ್ತೇನೆ.